ಸಿರಿಭೂವಲಯ: ಓದಿದ್ದೆಷ್ಟು, ಓದಿಸಿದ್ದೆಷ್ಟು?

ಸಿರಿಭೂವಲಯದ ಮಾತೆತ್ತಿದರೆ ಸಾಕು, ಜಗತ್ತಿನ ಅದ್ಭುತವೆಂದು ಕೈಮುಗಿಯುವವರು ಒಂದು ಕಡೆ, ಬರೀ ಕಟ್ಟುಕತೆಯೆಂದು ತಳ್ಳಿಹಾಕುವವರು ಇನ್ನೊಂದು ಕಡೆ ನಿಲ್ಲುತ್ತಾರೆ. ಈ ಜಗ್ಗಾಟದಲ್ಲಿ ಮೂಲಪ್ರಶ್ನೆ ಹಿಂದೆ ಬೀಳುತ್ತದೆ. ಕೈಯಲ್ಲಿರುವುದು ಅಂಕಿಗಳಷ್ಟೇ ಆದಾಗ, ಒಂದು ಓದು ಸರಿಯೆಂದು ತೀರ್ಮಾನಿಸುವುದು ಹೇಗೆ? ಗೂಢಲಿಪಿ ಒಡೆಯುವವರ ಶಾಸ್ತ್ರ ದಿನವೂ ಎದುರಿಸುವ ಪ್ರಶ್ನೆಯಿದು. ಅದರ ಅಳತೆಗೋಲನ್ನು ನಮ್ಮ ಕೃತಿಗೂ ಹಿಡಿದು ನೋಡಬೇಕು.

ಕುಮುದೇಂದು ಮುನಿಯದೆನ್ನುವ ಈ ಕೃತಿಯಲ್ಲಿ ಅಕ್ಷರಗಳಿಲ್ಲ. ಅಡ್ಡಕ್ಕೆ 27, ಉದ್ದಕ್ಕೆ 27, ಹೀಗೆ 729 ಮನೆಗಳ ಚಕ್ರಗಳಿವೆ. ಮನೆಗೊಂದರಂತೆ 1ರಿಂದ 64ರೊಳಗಿನ ಅಂಕಿ. ಹ್ರಸ್ವ, ದೀರ್ಘ, ಪ್ಲುತ ಸೇರಿ 27 ಸ್ವರ, 25 ವರ್ಗೀಯ ವ್ಯಂಜನ, 8 ಅವರ್ಗೀಯ, 4 ಯೋಗವಾಹ. ‘ಅ’ಕಾರಕ್ಕೆ 1, ‘ಕ್’ಗೆ 28. ಈ ಲೆಕ್ಕದಲ್ಲಿ ‘ಕನ್ನಡ’ವೆಂದರೆ 28, 1, 47, 47, 1, 40, 1. ಪಂಡಿತ ಯಲ್ಲಪ್ಪ ಶಾಸ್ತ್ರಿ, ಕರ್ಲಮಂಗಲಂ ಶ್ರೀಕಂಠಯ್ಯ ಮತ್ತು ಕೆ. ಅನಂತಸುಬ್ಬರಾವ್ ಈ ಚಕ್ರಗಳಿಂದ ಸಾಂಗತ್ಯದ ಪದ್ಯಗಳನ್ನು ಹೊರತೆಗೆದು 1953ರಲ್ಲಿ ಬೆಂಗಳೂರಿನಲ್ಲಿ ಅಚ್ಚು ಹಾಕಿಸಿದರು.

ಈ ಕನ್ನಡ ಪದರವನ್ನು ನಂಬಲು ಭಕ್ತಿ ಬೇಕಿಲ್ಲ. ಮನೆಗಳನ್ನು ಹೇಗೆ ಕದಡಿದರೂ ಯಾವ ಅಂಕಿ ಎಷ್ಟು ಸಲ ಬಂದಿದೆ ಎಂಬುದು ಬದಲಾಗದು. ಕನ್ನಡದಲ್ಲಿ ‘ಅ’ಕಾರವೇ ಹೆಚ್ಚು; ‘ಕನ್ನಡ’ ಎಂಬ ಪದದ ಏಳು ಧ್ವನಿಗಳಲ್ಲೇ ಮೂರು ಅದು. ಹಾಗಾಗಿ ಓದುವ ದಾರಿ ಗೊತ್ತಾಗುವ ಮೊದಲೇ ಚಕ್ರದಲ್ಲಿ 1 ಎದ್ದು ಕಾಣಬೇಕು. ದಾರಿ ಸರಿಯಿದ್ದರೆ ವ್ಯಂಜನದ ಬೆನ್ನಿಗೆ ಸ್ವರ ಬರುತ್ತಾ ಹೋಗುತ್ತದೆ. ತಪ್ಪಿದರೆ 27ರ ಮೇಲಿನ ಅಂಕಿಗಳು ಗುಂಪುಗೂಡಿ ಬಾಯಿಗೇ ಬಾರದ ಸಾಲುಗಳಾಗುತ್ತವೆ. ಅರ್ಥ ಗೊತ್ತಿಲ್ಲದವರೂ ಇದನ್ನು ಎಣಿಸಿ ನೋಡಬಹುದು. ಕರ್ಣದ ಗುಂಟ ಸಾಗುವ ಒಂದೇ ನಿಯಮ ಚಕ್ರದ ಉದ್ದಕ್ಕೂ ಛಂದಸ್ಸು ಕೊಡುತ್ತದೆಯೆಂದರೆ ಅದು ಕಾಕತಾಳೀಯವಲ್ಲ.

ಇದಕ್ಕಿಂತ ಬಿಗಿಯಾದ ಗುಪ್ತಲಿಪಿಯೂ ಹೀಗೇ ಸೋತಿದೆ. ಅಮೆರಿಕದ ಗಣಿತಜ್ಞ ಲೆಸ್ಟರ್ ಹಿಲ್ 1929ರಲ್ಲಿ ಪ್ರಕಟಿಸಿದ ವಿಧಾನ ಅಕ್ಷರಗಳ ಗುಂಪನ್ನು ಮ್ಯಾಟ್ರಿಕ್ಸ್‌ನಿಂದ ಗುಣಿಸಿ 26ರಿಂದ ಭಾಗಿಸಿದ ಶೇಷವನ್ನು ಬರೆಯುತ್ತದೆ. ಅಕ್ಷರಗಳ ಎಣಿಕೆಯೇ ಕಲಸಿಹೋಗುತ್ತದೆ. ಮೂರಕ್ಕೆ ಮೂರರ ಮ್ಯಾಟ್ರಿಕ್ಸ್ ಆದರೆ ಸಾಧ್ಯವಿರುವ ಕೀಲಿಗಳು ಸುಮಾರು 1.63 ಲಕ್ಷ ಕೋಟಿ. ಸಂಶೋಧಕರಾದ ಬಾವರ್ ಮತ್ತು ಮಿಲ್‌ವರ್ಡ್ 2007ರಲ್ಲಿ ತೋರಿಸಿದಂತೆ, ಇಡೀ ಕೀಲಿಯ ಬದಲು ಬಿಡಿಸುವ ಮ್ಯಾಟ್ರಿಕ್ಸ್‌ನ ಒಂದು ಸಾಲನ್ನಷ್ಟೇ ಊಹಿಸಿದರೆ ಸಾಕು: 17,576 ಸಾಲುಗಳು. ಸರಿಯಾದ ಸಾಲು ಮೂಲದ ಪ್ರತಿ ಮೂರನೆಯ ಅಕ್ಷರವನ್ನು ಬಿಟ್ಟುಕೊಡುತ್ತದೆ, ಆ ಅಕ್ಷರಗಳ ಎಣಿಕೆ ಇಂಗ್ಲಿಷಿನ ಎಣಿಕೆಗೆ ಹೊಂದುತ್ತದೆ. ಈ ಗೆಲುವಿಗೆ ನೆಲಗಟ್ಟು ಒಂದೇ: ಯಾವ ಕೀಲಿಗಳನ್ನು ಪ್ರಯತ್ನಿಸುತ್ತೇವೆ ಎಂಬುದು ಮೊದಲೇ ನಿಗದಿಯಾಗಿದೆ.

ಸಿರಿಭೂವಲಯದಲ್ಲಿ 718 ಭಾಷೆಗಳ ಪಾಠ ಅಡಗಿದೆ ಎಂಬ ವಾದ ಎಡವುವುದು ಇಲ್ಲೇ. ಕನ್ನಡ ಪದ್ಯಗಳ ಮೊದಲಕ್ಷರಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಪ್ರಾಕೃತ, 27ನೆಯ ಅಕ್ಷರಗಳನ್ನು ಓದಿದರೆ ಸಂಸ್ಕೃತ ಎಂದಾಗ ನಿಯಮ ಸ್ಪಷ್ಟವಾಗಿದೆ, ಪರೀಕ್ಷೆಗೆ ಸಿಗುತ್ತದೆ. ಆದರೆ ಭಾಷೆಗೊಂದು ಹೊಸ ದಾರಿಯನ್ನು, ಫಲ ಕಂಡ ಮೇಲೆ ಆರಿಸಿಕೊಳ್ಳುವುದಾದರೆ 729 ಮನೆಗಳಲ್ಲಿ ಬೇಕಾದ್ದು ಹುಟ್ಟುತ್ತದೆ. ಹೀಬ್ರೂ ಬೈಬಲ್ಲಿನಲ್ಲಿ ಭವಿಷ್ಯ ಅಡಗಿದೆ ಎಂದು 1994ರಲ್ಲಿ ಪ್ರಬಂಧ ಬಂದಾಗ, ಗಣಿತಜ್ಞ ಬ್ರೆಂಡನ್ ಮೆಕೇ ಮತ್ತು ಸಂಗಡಿಗರು ‘ಯುದ್ಧ ಮತ್ತು ಶಾಂತಿ’ಯ ಹೀಬ್ರೂ ಅನುವಾದದಲ್ಲೂ ಅಂಥದೇ ಫಲ ತೆಗೆದು 1999ರಲ್ಲಿ ಆ ವಾದದ ಗಾಳಿ ತೆಗೆದರು. ಮೇಲಾಗಿ 718 ಎಂಬುದು ಎಣಿಸಿ ಕಂಡುಕೊಂಡ ಸಂಖ್ಯೆಯಲ್ಲ. ತೀರ್ಥಂಕರನ ದಿವ್ಯಧ್ವನಿ 18 ಮಹಾಭಾಷೆ, 700 ಕ್ಷುಲ್ಲಕ ಭಾಷೆಗಳಲ್ಲಿ ಕೇಳುತ್ತದೆ ಎಂಬ ಜೈನ ನಂಬಿಕೆಯಿಂದ ಬಂದದ್ದು. ಧರ್ಮಶ್ರದ್ಧೆಯಾಗಿ ಅದಕ್ಕೆ ಗೌರವವಿದೆ, ಪುರಾವೆಯಾಗಿ ಬೆಲೆಯಿಲ್ಲ.

ಕೃತಿಯ ಕಾಲದ ವಿಚಾರವೂ ಅಷ್ಟೇ. ಶ್ರೀಕಂಠಯ್ಯನವರು ಕ್ರಿ.ಶ. 800ರ ಸುಮಾರೆಂದರೆ, ವಿದ್ವಾಂಸ ಟಿ.ವಿ. ವೆಂಕಟಾಚಲ ಶಾಸ್ತ್ರಿಗಳು ಶತಮಾನಗಳಷ್ಟು ಈಚೆಗೆ ತರುತ್ತಾರೆ. ಅಂಕಿಯ ಮರೆಯಲ್ಲಿ ಕೂತ ಮಾತ್ರಕ್ಕೆ ಭಾಷೆಯ ವಯಸ್ಸು ಮುಚ್ಚಿಹೋಗುವುದಿಲ್ಲ. ಓದಿ ತೆಗೆದ ಪದ್ಯದ ರೂಪಗಳೇ ಸಾಕ್ಷಿ ಹೇಳುತ್ತವೆ.

ಪರೀಕ್ಷೆ ಕಷ್ಟದ್ದಲ್ಲ. ತೆಲುಗು ಪಾಠ ಅಡಗಿದೆಯೆಂದು ಹೇಳುವವರು ನಿಯಮವನ್ನು ಮೊದಲು ಬರೆದು ಮುಚ್ಚಿಡಲಿ. ಯಾರೂ ಓದಿರದ ಚಕ್ರವೊಂದನ್ನು ಆ ನಿಯಮದೊಡನೆ ವಿಜಯವಾಡದ ಒಬ್ಬರಿಗೆ, ವಿಶಾಖಪಟ್ಟಣದ ಇನ್ನೊಬ್ಬರಿಗೆ ಬೇರೆಬೇರೆಯಾಗಿ ಕಳಿಸಲಿ. ಇಬ್ಬರೂ ಅಕ್ಷರಕ್ಕೆ ಅಕ್ಷರ ಒಂದೇ ತೆಲುಗು ತಂದರೆ ಒಪ್ಪೋಣ. ಅಲ್ಲಿಯವರೆಗೆ ಸಿರಿಭೂವಲಯವನ್ನು ಜಾಣ್ಮೆಯಿಂದ ಕಟ್ಟಿದ ಕನ್ನಡ ಅಂಕಕಾವ್ಯವೆಂದು ಓದುವುದೇ ಸರಿ. 1953ರ ಸಂಪಾದಕರ ಶ್ರಮಕ್ಕೆ ಅದರಿಂದ ಕುಂದೇನೂ ಬಾರದು.