ಸಂಕಟ, ದುರಾಡಳಿತ ಮತ್ತು ವಿಶ್ವಾಸ: ಒಂದು ವಾದದ ವಿಮರ್ಶೆ

ಬದುಕು ಸುಭದ್ರವಾದ ಸಮಾಜಗಳಲ್ಲಿ ಧಾರ್ಮಿಕತೆ ಕ್ಷೀಣಿಸುತ್ತದೆ. ಬಡತನ, ರೋಗ, ಅಕಾಲಮರಣ ಮತ್ತು ಹೊಣೆಗೇಡಿ ಆಡಳಿತದ ನಡುವೆ ಬದುಕುವ ಸಮಾಜಗಳಲ್ಲಿ ಅದು ಗಾಢವಾಗುತ್ತದೆ. ಪಿಪ್ಪಾ ನಾರಿಸ್ ಮತ್ತು ರೊನಾಲ್ಡ್ ಇಂಗಲ್‌ಹಾರ್ಟ್ 2004ರಲ್ಲಿ ಪ್ರಕಟಿಸಿದ ‘ಸೇಕ್ರೆಡ್ ಅಂಡ್ ಸೆಕ್ಯುಲರ್’ ಗ್ರಂಥದ ತಿರುಳು ಇದು. ಸಿರಿವಂತ ಅಮೆರಿಕದಲ್ಲಿ ಧಾರ್ಮಿಕತೆ ಇನ್ನೂ ಬಲವಾಗಿರುವುದಕ್ಕೂ ಅಲ್ಲಿನ ಅಸಮಾನತೆ ಮತ್ತು ದುರ್ಬಲ ಸಾಮಾಜಿಕ ಭದ್ರತೆಗಳು ಒಂದು ಕಾರಣವೆಂದು ಅವರು ವಾದಿಸುತ್ತಾರೆ.

ಈ ವಾದವನ್ನು ವಿಶ್ವಾಸದ ಮೇಲಿನ ಆಕ್ರಮಣವೆಂದು ತಳ್ಳಿಹಾಕುವುದು ಸರಿಯಲ್ಲ. ಸತ್ಯವೇದವೇ ಇದನ್ನು ಬಲ್ಲದು. ಇಕ್ಕಟ್ಟಿನಲ್ಲಿ ಮೊರೆಯಿಟ್ಟು ನೆಮ್ಮದಿಯಲ್ಲಿ ಮರೆಯುವ ಜನರ ಚರಿತ್ರೆ ನ್ಯಾಯಸ್ಥಾಪಕರ ಗ್ರಂಥದಲ್ಲಿದೆ. ಹೊಟ್ಟೆ ತುಂಬಿದಾಗಿನ ಮರೆವಿನ ಕುರಿತಾದ ಎಚ್ಚರಿಕೆ ಧರ್ಮೋಪದೇಶಕಾಂಡದ 8ನೆಯ ಅಧ್ಯಾಯದಲ್ಲಿದೆ. ಅಧಿಕಾರಿಗಳು ಕೇಳದ ಮೊರೆಯನ್ನು ಕೇಳುವ ಒಬ್ಬನು ಬೇಕೆಂಬುದು ಮನುಷ್ಯನ ಸಹಜ ಹಂಬಲ. ಇದು ಕ್ರೈಸ್ತರಿಗೆ ಮಾತ್ರ ಸೀಮಿತವೂ ಅಲ್ಲ: 1898ರ ಪ್ಲೇಗು ಬೆಂಗಳೂರಿಗೆ ಪ್ಲೇಗಮ್ಮನ ಗುಡಿಯನ್ನು ಕೊಟ್ಟಿತು. ಆದರೆ ಸಂಕಟವು ಜನರನ್ನು ದೇವರ ಕಡೆಗೆ ತಿರುಗಿಸುತ್ತದೆಂಬುದು ಒಂದು ಮಾತು. ತಿರುಗಿದವರು ಅಲ್ಲಿ ಅರಸುವುದು ಭದ್ರತೆಯನ್ನು ಮಾತ್ರ ಎಂಬುದು ಇನ್ನೊಂದು ಮಾತು. ಎರಡನೆಯದನ್ನು ಪರೀಕ್ಷಿಸಲು ದಕ್ಷಿಣ ಭಾರತದ ಸಭಾಚರಿತ್ರೆಯೇ ಒಂದು ನಿದರ್ಶನವನ್ನು ಒದಗಿಸುತ್ತದೆ.

1876ರಿಂದ 1878ರವರೆಗಿನ ಮಹಾಕ್ಷಾಮವನ್ನು ಕನ್ನಡ ನಾಡು ಧಾತು–ಈಶ್ವರ ಸಂವತ್ಸರಗಳ ಬರವೆಂದು ನೆನೆಯುತ್ತದೆ. ಮೈಸೂರು ಸಂಸ್ಥಾನದಲ್ಲಿ 1871ರಲ್ಲಿ 50 ಲಕ್ಷ ಮೀರಿದ್ದ ಜನಸಂಖ್ಯೆ 1881ರ ಗಣತಿಯ ವೇಳೆಗೆ ಸುಮಾರು 42 ಲಕ್ಷಕ್ಕಿಳಿದಿತ್ತು. ಮಳೆಯ ಅಭಾವದ ಜೊತೆಗೆ ಆಡಳಿತದ ಕಠೋರತೆಯೂ ಸೇರಿತ್ತು. ಧಾನ್ಯದ ರಫ್ತು ನಿಲ್ಲಲಿಲ್ಲ. ರಿಚರ್ಡ್ ಟೆಂಪಲ್ ಗೊತ್ತುಮಾಡಿದ ದಿನಗೂಲಿ ಒಬ್ಬ ಗಂಡಾಳಿಗೆ ಒಂದು ಪೌಂಡು ಧಾನ್ಯ ಮತ್ತು ಒಂದು ಆಣೆಯಷ್ಟೇ. ಜನರು ಸಾಯುತ್ತಿದ್ದಾಗಲೇ, 1877ರ ಜನವರಿ 1ರಂದು, ದೆಹಲಿಯಲ್ಲಿ ಲಿಟ್ಟನ್ನನ ದರ್ಬಾರು ವೈಭವದಿಂದ ನಡೆಯಿತು.

ಇದೇ ಕ್ಷಾಮದಲ್ಲಿ ಮದ್ರಾಸು ಪ್ರಾಂತದ ಒಂಗೋಲಿನ ಅಮೆರಿಕನ್ ಬ್ಯಾಪ್ಟಿಸ್ಟ್ ಮಿಷನರಿ ಜಾನ್ ಕ್ಲೌ ಬಕಿಂಗ್‌ಹ್ಯಾಮ್ ಕಾಲುವೆಯ ಒಂದು ಭಾಗವನ್ನು ತೋಡಿಸುವ ಗುತ್ತಿಗೆ ಹಿಡಿದು, ಹಸಿದವರಿಗೆ ಕೂಲಿ ಒದಗಿಸಿದರು. ಅವರಲ್ಲಿ ಬಹುಮಂದಿ ಮಾದಿಗ ಸಮುದಾಯದವರು. ಅವರ ನಡುವಿನಿಂದಲೇ ಬಂದ ಉಪದೇಶಕರು ಕೆಲಸದ ಮೇಲ್ವಿಚಾರಕರಾದರು. ದೀಕ್ಷಾಸ್ನಾನ ಕೇಳಿದವರು ಅಸಂಖ್ಯಾತರು. ಆದರೆ ಅನ್ನಕ್ಕಾಗಿ ಬಂದವರೆಂಬ ಮಾತು ಬಾರದಿರಲೆಂದು ಕ್ಲೌ ಸುಮಾರು 15 ತಿಂಗಳು ಯಾರಿಗೂ ದೀಕ್ಷಾಸ್ನಾನ ಕೊಡಲಿಲ್ಲ. ಪರಿಹಾರದ ಕೆಲಸ ನಿಂತ ಮೇಲೂ ಜನರು ಬಂದರು. 1878ರ ಜುಲೈ 3ರಂದು ಗುಂಡ್ಲಕಮ್ಮ ನದಿಯಲ್ಲಿ 2,222 ಮಂದಿ ದೀಕ್ಷಾಸ್ನಾನ ಹೊಂದಿದರು.

ಭದ್ರತೆಯ ವಾದವು ಈ ಘಟನೆಯನ್ನು ಅರ್ಧ ಮಾತ್ರ ವಿವರಿಸಬಲ್ಲದು. ಕ್ಷಾಮವಿಲ್ಲದಿದ್ದರೆ ಅಷ್ಟು ಜನ ಒಮ್ಮೆಗೇ ಬರುತ್ತಿರಲಿಲ್ಲ, ನಿಜ. ಉಣಿಸಿದ ಕೈಯ ನೆನಪೂ, ಮುಂದಿನ ಆಸರೆಯ ನಿರೀಕ್ಷೆಯೂ ಅವರಲ್ಲಿ ಇದ್ದಿರಬಹುದು. ಆದರೆ ಆ ಚಳವಳಿ ಕ್ಷಾಮಕ್ಕಿಂತ ಹತ್ತು ವರ್ಷ ಮೊದಲೇ, ಯೆರ್ರಗುಂಟ್ಲ ಪೆರಯ್ಯನಂಥ ಮಾದಿಗ ಅನ್ವೇಷಕರ ಸಾಕ್ಷಿಯಿಂದ ಮೊದಲಾಗಿತ್ತು. ಬರವು ಬೀಜವನ್ನು ಬಿತ್ತಲಿಲ್ಲ. ಹಳೆಯ ವ್ಯವಸ್ಥೆಯ ಟೊಳ್ಳನ್ನು ಅದು ಬಯಲಿಗಿಟ್ಟಿತು: ತಲೆಮಾರುಗಳಿಂದ ದುಡಿಸಿಕೊಂಡವರೂ ಸರಕಾರವೂ ಅವರನ್ನು ಕೈಬಿಟ್ಟಾಗ, ತಮ್ಮನ್ನು ಮನುಷ್ಯರೆಂದು ಎಣಿಸಿದ ಸುವಾರ್ತೆಯನ್ನು ಅವರು ಆರಿಸಿಕೊಂಡರು. ಅವರು ಅರಸಿದ್ದು ರೊಟ್ಟಿಯನ್ನೂ ಹೌದು, ಮಾನವನ್ನೂ ಹೌದು. ಆರಾಧನೆಯ ಹಾಜರಿ, ಪ್ರಾರ್ಥನೆಯ ಆವರ್ತನೆಗಳನ್ನು ಅಳೆಯುವ ಸಮೀಕ್ಷೆಗೆ ಈ ಎರಡರ ಭೇದ ಸುಲಭವಾಗಿ ಸಿಕ್ಕುವುದಿಲ್ಲ. ದುರಾಡಳಿತವು ತೆರವುಮಾಡಿದ ಜಾಗವನ್ನು ಧರ್ಮವು ತುಂಬುವುದಷ್ಟೇ ಅಲ್ಲ, ಆ ತೆರವಿಗೆ ಹೊಣೆಯಾರೆಂದು ಕೇಳುವ ಧೈರ್ಯವನ್ನೂ ಕೊಡಬಲ್ಲದು. ಆಮೋಸನು ಕೇಳಿದ್ದು ಅದನ್ನೇ.

ಆದರೂ ಈ ವಾದವು ಸಭೆಗೆ ಒಡ್ಡುವ ಪ್ರಶ್ನೆ ಉಳಿಯುತ್ತದೆ. ನಾಳೆ ಜನರಿಗೆ ಆಸ್ಪತ್ರೆ, ಪಡಿತರ, ನ್ಯಾಯ ಎಲ್ಲವೂ ದೊರೆತರೆ ನಮ್ಮ ಆಲಯಗಳು ಬರಿದಾಗುವವೇ? ಹಾಗಾಗಬಹುದೆಂದು ಅಂಜುವ ಸಭಾಪಾಲಕನು ಜನರ ಸಂಕಟದಲ್ಲಿ ತನ್ನ ಲಾಭವನ್ನು ಕಾಣತೊಡಗಿದ್ದಾನೆ. ರೊಟ್ಟಿ ತಿಂದು ತನ್ನನ್ನು ಹುಡುಕಿಕೊಂಡು ಬಂದ ಗುಂಪಿಗೆ ಯೇಸುಸ್ವಾಮಿ ಹೇಳಿದ ಕಟುಸತ್ಯ ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿದೆ; ಆದರೆ ಆತನು ಮೊದಲು ರೊಟ್ಟಿ ಕೊಟ್ಟನೆಂಬುದನ್ನು ಮರೆಯಬಾರದು. ಹಸಿದವರ ಪಡಿತರಕ್ಕಾಗಿ, ರೋಗಿಗಳ ಆಸ್ಪತ್ರೆಗಾಗಿ ಅಧಿಕಾರಿಗಳ ಮುಂದೆ ನಿಲ್ಲುವುದು ಸಭಾಸೇವೆಯ ಭಾಗವೇ. ಅದರಿಂದ ಭಾನುವಾರದ ಹಾಜರಿ ಕಡಿಮೆಯಾಗುವುದಾದರೆ, ಬದುಕು ಭದ್ರವಾದವರಿಗೂ ಸಾರಬಲ್ಲ ಸುವಾರ್ತೆಯನ್ನು ನಾವು ಕಲಿಯಬೇಕಾಗಿದೆ.