ಪೇಟೆಂಟ್ ಎಣಿಕೆ ಮತ್ತು ಸ್ಟ್ಯಾನ್‌ಫರ್ಡ್‌ನ ಪಾಠ

ವಿಶ್ವವಿದ್ಯಾಲಯದ ಸಂಶೋಧನೆಯನ್ನು ಉದ್ಯಮಕ್ಕೆ ತಲುಪಿಸುವ ಮಾತು ಬಂದಾಗಲೆಲ್ಲ ಅಮೆರಿಕದ ಸ್ಟ್ಯಾನ್‌ಫರ್ಡ್‌ನ ಉದಾಹರಣೆ ಕೇಳಿಬರುತ್ತದೆ. ಸ್ಟ್ಯಾನ್ಲಿ ಕೊಹೆನ್ ಮತ್ತು ಹರ್ಬರ್ಟ್ ಬೋಯರ್ ರೂಪಿಸಿದ ಡಿಎನ್‌ಎ ಮರುಸಂಯೋಜನೆಯ ವಿಧಾನವು ಸ್ಟ್ಯಾನ್‌ಫರ್ಡ್ ಮತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಗಳಿಗೆ ಸುಮಾರು 25 ಕೋಟಿ ಡಾಲರ್ ತಂದಿತು. ಈ ಮೊತ್ತವನ್ನು ಹೇಳುವವರು ಅದು ಬಂದ ಬಗೆಯನ್ನು ಮಾತ್ರ ಹೇಳುವುದಿಲ್ಲ.

ಬೇರೊಂದು ಜೀವಿಯ ಜೀನನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸಿ ವೃದ್ಧಿಸುವ ಈ ವಿಧಾನ 1973ರಲ್ಲೇ ಪ್ರಕಟವಾಗಿತ್ತು. ಸ್ಟ್ಯಾನ್‌ಫರ್ಡ್‌ನ ತಂತ್ರಜ್ಞಾನ ಪರವಾನಗಿ ಕಚೇರಿಯ ಮುಖ್ಯಸ್ಥ ನೀಲ್ಸ್ ರೈಮರ್ಸ್ 1974ರಲ್ಲಿ ಪತ್ರಿಕಾ ವರದಿಯೊಂದನ್ನು ಕಂಡು, ಹಿಂಜರಿಯುತ್ತಿದ್ದ ಕೊಹೆನ್‌ರನ್ನು ಪೇಟೆಂಟಿಗೆ ಒಪ್ಪಿಸಿದರು. ಪ್ರಕಟಣೆಯ ನಂತರ ಅಮೆರಿಕದ ಕಾನೂನು ನೀಡುವ ಒಂದು ವರ್ಷದ ಅವಧಿ ಮುಗಿಯಲು ಒಂದು ವಾರವಿರುವಾಗ ಅರ್ಜಿ ಸಲ್ಲಿಕೆಯಾಯಿತು. ಅಂಥ ಅವಕಾಶವಿಲ್ಲದ ದೇಶಗಳಲ್ಲಿ ಹಕ್ಕು ಅದಾಗಲೇ ಕೈತಪ್ಪಿತ್ತು.

1980ರಲ್ಲಿ ಪೇಟೆಂಟ್ ದೊರೆತಾಗ ರೈಮರ್ಸ್ ಅದನ್ನು ಒಂದೇ ಕಂಪನಿಗೆ ಮಾರಲಿಲ್ಲ. ಕೇಳಿದ ಎಲ್ಲರಿಗೂ ಪರವಾನಗಿ ಕೊಟ್ಟರು. ವಾರ್ಷಿಕ ಶುಲ್ಕ 10,000 ಡಾಲರ್. ಉತ್ಪನ್ನ ಮಾರಾಟವಾದರೆ ಅಲ್ಪ ರಾಯಧನ. ವಿಶ್ವವಿದ್ಯಾಲಯಗಳ ಸಂಶೋಧಕರಿಗೆ ಶುಲ್ಕವಿರಲಿಲ್ಲ. 1997ರಲ್ಲಿ ಪೇಟೆಂಟ್ ಮುಗಿಯುವ ಹೊತ್ತಿಗೆ 468 ಪರವಾನಗಿಗಳಾಗಿದ್ದವು.

ಆದರೂ ಇದನ್ನು ಪೇಟೆಂಟಿನ ಗೆಲುವು ಎನ್ನುವುದು ಉತ್ಪ್ರೇಕ್ಷೆ. ಬೋಯರ್ 1976ರಲ್ಲಿ ಸಹಸ್ಥಾಪಿಸಿದ ಜೆನೆಂಟೆಕ್ 1978ರಲ್ಲೇ ಬ್ಯಾಕ್ಟೀರಿಯಾದಲ್ಲಿ ಮಾನವ ಇನ್ಸುಲಿನ್ ತಯಾರಿಸಿತ್ತು. ಆಗ ಪೇಟೆಂಟ್ ಇನ್ನೂ ಬಂದಿರಲಿಲ್ಲ. ಜ್ಞಾನವನ್ನು ಉದ್ಯಮಕ್ಕೆ ಒಯ್ದದ್ದು ಪ್ರಬಂಧಗಳು ಮತ್ತು ಅದನ್ನು ಬಲ್ಲ ಮನುಷ್ಯರು. ಪೇಟೆಂಟ್ ಆ ದಾರಿಯಲ್ಲಿ ಸುಂಕದಕಟ್ಟೆಯಾಯಿತು, ಅಷ್ಟೆ. ಸುಂಕ ಹಗುರವಾಗಿದ್ದುದರಿಂದ ಸಂಚಾರ ನಿಲ್ಲಲಿಲ್ಲ.

ಕಟ್ಟೆಗೆ ಬೀಗ ಹಾಕಿದರೆ ಏನಾಗುತ್ತದೆಂಬುದಕ್ಕೂ ನಿದರ್ಶನವಿದೆ. ಯೂಟಾ ವಿಶ್ವವಿದ್ಯಾಲಯದ ಸಂಶೋಧಕರು ಪಾಲ್ಗೊಂಡಿದ್ದ, ಸ್ತನ ಕ್ಯಾನ್ಸರಿಗೆ ಸಂಬಂಧಿಸಿದ ಜೀನುಗಳ ಪೇಟೆಂಟುಗಳನ್ನು ಮಿರಿಯಡ್ ಎಂಬ ಒಂದೇ ಕಂಪನಿ ಹಿಡಿದಿಟ್ಟುಕೊಂಡು, ಇತರ ಪ್ರಯೋಗಾಲಯಗಳ ಪರೀಕ್ಷೆಗಳನ್ನು ತಡೆಯಿತು. ನಿಸರ್ಗದಲ್ಲಿರುವ ಡಿಎನ್‌ಎಗೆ ಪೇಟೆಂಟ್ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ ತೀರ್ಪಿತ್ತದ್ದು 2013ರಲ್ಲಿ.

ನಮ್ಮಲ್ಲಿ ಅಮೆರಿಕದ 1980ರ ಬೇ-ಡೋಲ್ ಕಾಯಿದೆಯ ಮಾದರಿಯಲ್ಲಿ 2008ರಲ್ಲಿ ರಾಜ್ಯಸಭೆಗೆ ಬಂದ ಮಸೂದೆಯನ್ನು 2014ರಲ್ಲಿ ಹಿಂತೆಗೆದುಕೊಳ್ಳಲಾಯಿತು. ಆ ಮನೋಭಾವ ಮಾತ್ರ ಉಳಿದಿದೆ. ರಾಷ್ಟ್ರೀಯ ರ್‍ಯಾಂಕಿಂಗಿನಲ್ಲಿ ಪೇಟೆಂಟುಗಳ ಸಂಖ್ಯೆಗೆ ಅಂಕವಿದೆ. ಹೀಗಾಗಿ ಯಾರೂ ಬಳಸದ ಪೇಟೆಂಟೂ ಸಾಧನೆಯ ಪಟ್ಟಿ ಸೇರುತ್ತದೆ. ಸರ್ಕಾರಿ ಸಂಸ್ಥೆಗಳಲ್ಲಿ ಅದರ ಶುಲ್ಕವನ್ನು ಬಹುಪಾಲು ಸಾರ್ವಜನಿಕರ ಹಣವೇ ಭರಿಸುತ್ತದೆ.

ಸಂಶೋಧನೆಯ ವಾಣಿಜ್ಯೀಕರಣಕ್ಕೆ ನೇತೃತ್ವ ವಹಿಸುವವರು ಪ್ರತಿವರ್ಷ ಮೂರು ಸಂಗತಿಗಳನ್ನು ಬಹಿರಂಗಪಡಿಸಲಿ: ಎಷ್ಟು ಪೇಟೆಂಟುಗಳು ಬಳಕೆಯಲ್ಲಿವೆ, ಎಷ್ಟು ಮಂದಿಗೆ ಪರವಾನಗಿ ದೊರೆತಿದೆ, ಅದರ ಷರತ್ತುಗಳೇನು. ಈ ಲೆಕ್ಕ ಕೊಡಲಾಗದ ಸಂಸ್ಥೆ ಸ್ಟ್ಯಾನ್‌ಫರ್ಡ್‌ನ ಹೆಸರೆತ್ತದಿರುವುದೇ ಲೇಸು.