ಎರಡು ಸೆಲ್ಲಿನ ಆಟ

ದೇವಾಪುರದ ಸುತ್ತಲಿನ ಸುರಪುರ ಸೀಮೆಯ ಹುಡುಗರಿಗೆ ವಿಡಿಯೋ ಗೇಮ್ ಎಂದರೆ ಬ್ರಿಕ್ ಗೇಮ್. ಅದು ಯಾದಗಿರಿ ಇನ್ನೂ ಕಲಬುರಗಿ ಜಿಲ್ಲೆಯೊಳಗಿದ್ದ ಕಾಲ. ತಿಂಥಣಿ ಮೌನೇಶ್ವರನ ಜಾತ್ರೆಗೆ ಹೋದರೆ ಬೆಂಡು ಬತ್ತಾಸು ಅಪ್ಪನ ಲೆಕ್ಕ, ಆಟಿಕೆ ಅಂಗಡಿಯ ಈ ಡಬ್ಬಿ ನಮ್ಮ ಹಟ.

ಬ್ರಿಕ್ ಗೇಮಿನ ಮೂಲ ಎರಡು ಕಡೆ. 1984ರಲ್ಲಿ ಮಾಸ್ಕೋದ ಅಲೆಕ್ಸಿ ಪಜಿತ್ನೋವ್, ಮೇಲಿನಿಂದ ಬೀಳುವ ತುಂಡುಗಳನ್ನು ಜೋಡಿಸುವ ಟೆಟ್ರಿಸ್ ಆಟ ರೂಪಿಸಿದರು. 1989ರಲ್ಲಿ ಜಪಾನಿನ ನಿಂಟೆಂಡೊ, ಗುನ್‌ಪೆ ಯೊಕೊಯಿ ಅವರ ಮುಂದಾಳತ್ವದಲ್ಲಿ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ತಂದಿತು. ಹಳೆಯ, ಅಗ್ಗದ ತಂತ್ರಜ್ಞಾನವನ್ನೇ ಹೊಸ ಬಗೆಯಲ್ಲಿ ಬಳಸಬೇಕೆಂಬುದು ಯೊಕೊಯಿ ಸೂತ್ರ. ಗೇಮ್ ಬಾಯ್‌ಗೆ ನಾಲ್ಕು ಸೆಲ್ ಬೇಕಿತ್ತು; ಅದರ ಬೆಲೆ ನಮ್ಮೂರಿಗೆ ನಿಲುಕದ್ದು. ಟೆಟ್ರಿಸ್ ಮಾದರಿಯ ಆಟ ಹೊತ್ತು ಚೀನಾದಿಂದ ಬಂದ ಬ್ರಿಕ್ ಗೇಮ್, ಯೊಕೊಯಿ ಸೂತ್ರವನ್ನು ಇನ್ನೂ ಅಗ್ಗದ ಮಟ್ಟಕ್ಕೆ ಇಳಿಸಿತು.

ಅದರ ಪರದೆಯಲ್ಲಿದ್ದದ್ದು ಅಡ್ಡ 10, ಉದ್ದ 20, ಒಟ್ಟು 200 ಚೌಕ. ಅಷ್ಟರಲ್ಲೇ ಕಾರು ಓಡಿತು, ಹಾವು ಬೆಳೆಯಿತು, ಟ್ಯಾಂಕು ಗುಂಡು ಹಾರಿಸಿತು. ಬೀಳುವ ತುಂಡುಗಳನ್ನು ಜೋಡಿಸುವಾಗ, ಸೊಟ್ಟ ಕಲ್ಲನ್ನು ತಿರುವಿ ಸಂದಿಗೆ ಕೂರಿಸುವ ಗೌಂಡಿಯಂತೆ ಬೆರಳುಗಳು ಕೆಲಸ ಕಲಿತವು. ಮೇಲೆ ‘9999 ಆಟ’ ಎಂದು ಬರೆದಿದ್ದರೂ ಒಳಗಿದ್ದದ್ದು ಕೆಲವೇ ಆಟ. ಉಳಿದದ್ದೆಲ್ಲ ವೇಗ, ಹಂತಗಳ ಬದಲಾವಣೆ. ಟಿವಿ ಬೇಡ, ಕರೆಂಟು ಬೇಡ. ಪರದೆಗೆ ಸ್ವಂತ ಬೆಳಕಿಲ್ಲದ್ದರಿಂದ ಹಗಲು ಬೆಳಕಿನಲ್ಲಿ ಆಟ, ರಾತ್ರಿಯಾದರೆ ಕಂದೀಲಿನ ಹತ್ತಿರ.

ಇಂದಿನ ಮೊಬೈಲಿನ ಎಷ್ಟೋ ಆಟಗಳು ನಡುವೆ ಜಾಹೀರಾತು ತುರುಕುತ್ತವೆ, ದುಡ್ಡು ಕೇಳುತ್ತವೆ. ಬ್ರಿಕ್ ಗೇಮ್ ಕೇಳಿದ್ದು ಎರಡು ಸೆಲ್ ಮಾತ್ರ. ನಿಮ್ಮ ಅಟ್ಟದ ಮೇಲೆ ಒಂದಿದ್ದರೆ ಗುಜರಿಗೆ ಹಾಕಬೇಡಿ. ಸೆಲ್ ಹಾಕಿ ಮಕ್ಕಳ ಕೈಗೆ ಕೊಡಿ.